ಕಿವಿಯ ಹಿಂದಿನ ಚುಕ್ಕೆ

ಮಗಳು ಹುಟ್ಟಿದ ಎರಡನೆಯ ದಿನದಿಂದ ನನಗೆ ಅವಳ ಕೂದಲೆಂದರೆ ಭಯ. ಮೊದಲ ದಿನ ತಲೆ ಒದ್ದೆಯಾಗಿತ್ತು, ಗೊತ್ತಾಗಲಿಲ್ಲ. ಎರಡನೆಯ ದಿನ ನರ್ಸ್ ಅವಳ ತಲೆ ಒರೆಸಿ, ಕಿಟಕಿಯ ಬಿಸಿಲಿಗೆ ಹಿಡಿದು, "ಅಯ್ಯೋ, ತಾಮ್ರದ ತಂತಿ ಸುತ್ತಿಟ್ಟ ಹಾಗಿದೆಯಲ್ರೀ" ಎಂದು ನಕ್ಕಳು. ನನ್ನ ಅತ್ತೆ ನಗಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿ, "ಕೆಂಚು ಕೂದಲು. ಕೋಪಾನ ಮೂಗಿನ ತುದೀಲೇ ಇಟ್ಕೊಂಡು ಬೆಳೆಯುತ್ತೆ ನೋಡ್ತಿರು" ಎಂದರು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಕೆಂಡ ಎಂದಾಯಿತು. ಅತ್ತೆ ಪ್ರೀತಿಯಿಂದಲೇ ಕರೆಯುತ್ತಿದ್ದರು, ಇಲ್ಲವೆನ್ನುವುದಿಲ್ಲ.

ಇದನ್ನು ಹೇಳುತ್ತಿರುವ ನನ್ನ ಕೂದಲು ಕಾಗೆಗಿಂತ ಕಪ್ಪು. ನಾನು ಬಾಗಿಲು ಬಡಿದರೆ ಕೆಳಗಿನ ಮನೆಯವರ ಗೋಡೆ ಗಡಿಯಾರ ಓರೆಯಾಗುತ್ತದೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಎಂಟನೆಯ ಮಹಡಿಯಲ್ಲಿ ಕತ್ತಲ ಗುಂಡಿಯ ಮೇಲೆ ನೇತಾಡುವಾಗ ಹೆದರದವನು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರೆ ಮೆಲ್ಲನೆ ಚಪ್ಪಲಿ ಹುಡುಕುತ್ತಾನೆ. ಆದರೆ ನನ್ನ ಕೋಪಕ್ಕೆ ಯಾರೂ ಯಾವತ್ತೂ ಕೂದಲನ್ನು ದೂರಿದವರಿಲ್ಲ. ನನಗೆ ಸಿಟ್ಟು ಬಂದರೆ "ಪಾಪ, ಕೆಲಸ ಜಾಸ್ತಿ" ಎನ್ನುತ್ತಾರೆ. ಮಗಳಿಗೆ ಬಂದರೆ "ನೋಡಿದ್ಯಾ, ಕೆಂಚು" ಎನ್ನುತ್ತಾರೆ. ಇದು ಆಗಲೂ ನನ್ನ ಕಣ್ಣಿಗೆ ಕಾಣುತ್ತಿತ್ತು. ಕಂಡರೂ ಭಯ ಹೋಗಲಿಲ್ಲ.

ಯಾಕೆಂದರೆ ಅದು ಹಳೆಯ ಭಯ. ನನ್ನ ಚಿಕ್ಕಮ್ಮನಿಗೂ, ಅಂದರೆ ಅಮ್ಮನ ತಂಗಿಗೂ, ಇದೇ ಕೂದಲಿತ್ತು. ನನಗೆ ಆಗ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ಒಂದು ಮಧ್ಯಾಹ್ನ ಊಟದ ತಟ್ಟೆ ಸರಿಸಿ ಎದ್ದವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಜಗಳ ಯಾತಕ್ಕಾಯಿತು ಎಂಬುದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. "ಕೆಂಚಿ ಅಲ್ವಾ, ಕೋಪ ಇಳಿದ ಮೇಲೆ ತಾನೇ ಬರ್ತಾಳೆ, ಬಿಡಿ" ಎಂದು ತಾತ ಅಂದದ್ದು ಮಾತ್ರ ನನ್ನ ಕಿವಿಯಲ್ಲಿದೆ. ಸಂಜೆಯಾಯಿತು, ಮರುದಿನವಾಯಿತು. ನಾಲ್ಕನೆಯ ದಿನ ಹುಡುಕಲು ಹೊರಟರು. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಅವಳನ್ನು ಅವಳ ಕೂದಲೇ ಎಳೆದುಕೊಂಡು ಹೋಯಿತೆಂದು ಮನೆಯವರೆಲ್ಲ ನಂಬಿದರು, ನಾನೂ ನಂಬಿದೆ. ಮಗಳ ತಲೆ ಬಾಚುವಾಗಲೆಲ್ಲ ಆ ಚಪ್ಪಲಿಯ ಸದ್ದು ನೆನಪಾಗುತ್ತಿತ್ತು.

ಇಂಥವಳು ಹೋಗಿ ಹೋಗಿ ಕೂದಲಿನ ಕೆಲಸಕ್ಕೇ ಸೇರಿದ್ದೆ. ಮೂರು ಕನ್ನಡಿ, ಮೂರು ಕುರ್ಚಿ, ಹಿಂದೆ ತಲೆ ತೊಳೆಯುವ ಒಂದು ಬೇಸಿನ್ ಇರುವ ಚಿಕ್ಕ ಪಾರ್ಲರ್. ಗೋಡೆಯ ಮೇಲೆ ಶೇಡ್ ಕಾರ್ಡ್ ತೂಗಾಡುತ್ತದೆ. ಒಂದನೇ ನಂಬರಿನ ಕಡುಗಪ್ಪಿನಿಂದ ಹತ್ತನೇ ನಂಬರಿನ ತನಕ ಬಣ್ಣಬಣ್ಣದ ಕೂದಲಿನ ಗೊಂಚಲುಗಳು. ಪಾರ್ಲರಿನ ಯಜಮಾನಿಗೆ ಆ ಕಾರ್ಡೇ ಪಂಚಾಂಗ. ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರಿಗೆ ಕತ್ತರಿ ಆಡಿಸುತ್ತಲೇ ಭವಿಷ್ಯ ಹೇಳುತ್ತಿದ್ದರು. ಕಪ್ಪು ಕೂದಲಿನ ಮಕ್ಕಳು ಹೇಳಿದ ಮಾತು ಕೇಳುತ್ತವೆ, ಬೆಕ್ಕಿನ ಕಣ್ಣಿನವು ಒಳಗೊಳಗೇ ಲೆಕ್ಕ ಹಾಕುತ್ತವೆ, ನಸುಗಂದು ತಲೆಯವು ಅಳುಬುರುಕ, ಇನ್ನು ಕೆಂಚುಗಳು... ಅಷ್ಟಕ್ಕೆ ನನ್ನ ಮುಖ ನೋಡಿ ಮಾತು ನುಂಗಿಕೊಳ್ಳುತ್ತಿದ್ದರು. ನುಂಗಿಕೊಂಡ ಮಾತೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ಅದೊಂದು ಬಿಟ್ಟರೆ ಯಜಮಾನಿ ಕೆಲಸದಲ್ಲಿ ಬಲು ಖಡಕ್ಕು. ತಲೆಗೆ ಬಣ್ಣ ಹಚ್ಚುವ ಎರಡು ದಿನ ಮೊದಲು ಗಿರಾಕಿಯ ಕಿವಿಯ ಹಿಂದೆ ಅದೇ ಬಣ್ಣದ ಒಂದು ಚುಕ್ಕೆ ಇಡಬೇಕು. ತುರಿಕೆ, ಉರಿ, ಊತ ಏನೂ ಕಾಣದಿದ್ದರೆ ಮಾತ್ರ ಮುಂದಿನ ಮಾತು. ನಾವು ಅದಕ್ಕೆ ಕಿವಿಚುಕ್ಕೆ ಎನ್ನುತ್ತೇವೆ. ಹತ್ತು ವರ್ಷದ ಹಳೇ ಗಿರಾಕಿಗೂ ಪ್ರತಿ ಸಲ ಚುಕ್ಕೆ ಇಡಲೇಬೇಕು. "ಹೋದ್ಸಲ ಏನೂ ಆಗಿಲ್ಲ ಅಂದ್ರೆ ಈ ಸಲಾನೂ ಆಗಲ್ಲ ಅಂತ ಯಾರಮ್ಮ ನಿಂಗೆ ಬರೆದುಕೊಟ್ರು?" ಎಂದು ಹೊಸ ಹುಡುಗಿಯರನ್ನು ಬೈಯುತ್ತಿದ್ದರು. ಚಿಕ್ಕ ಮಕ್ಕಳಿಗಂತೂ ಬಣ್ಣ ಹಚ್ಚುವ ಮಾತೇ ಇಲ್ಲ. ಮರುದಿನ ಮದುವೆಯಿದ್ದ ಹುಡುಗಿಯೊಬ್ಬಳನ್ನು ಚುಕ್ಕೆ ಇಟ್ಟಿಲ್ಲವೆಂದು ನಾನೇ ವಾಪಸ್ ಕಳಿಸಿದ್ದೆ. ಅವಳ ತಾಯಿ ಬೀದಿಗೆ ಕೇಳುವಂತೆ ಕೂಗಾಡಿದರು, ನಾನು ಜಗ್ಗಲಿಲ್ಲ. ಆ ದಿನ ಯಜಮಾನಿ ನನ್ನ ಬೆನ್ನು ತಟ್ಟಿದ್ದರು.

ಮಗಳಿಗೆ ಐದು ತುಂಬುವ ಹೊತ್ತಿಗೆ ಶಿಶುವಿಹಾರದಿಂದ ಫೋನ್ ಬಂತು. ಅವಳು ಒಬ್ಬ ಹುಡುಗನ ಕೈ ಕಚ್ಚಿದ್ದಳು. ಹೋಗಿ ನೋಡಿದರೆ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಅಲ್ಲಿನ ಟೀಚರ್ ತುಂಬಾ ಮೆತ್ತಗಿನ ದನಿಯಲ್ಲಿ, "ನೋಡಿ, ಬೇಜಾರು ಮಾಡ್ಕೋಬೇಡಿ. ಸೇರಿಸ್ಕೊಂಡ ದಿನವೇ ನಂಗೆ ಅನ್ನಿಸಿತ್ತು. ಈ ಬಣ್ಣದ ಮಕ್ಕಳನ್ನ ಸಂಭಾಳಿಸೋದು ಕಷ್ಟ" ಎಂದು ಹೇಳಿ, ತಿಂಗಳ ಕೊನೆಗೆ ಬಿಡಿಸಿಕೊಂಡು ಹೋಗಿ ಎಂದರು. ನಾನು ಜಗಳವಾಡಬೇಕಿತ್ತು. ಬಾಗಿಲು ಬಡಿಯುವ ನಾನು ಆ ದಿನ ತಲೆ ತಗ್ಗಿಸಿ ಬಂದೆ.

ನಡೆದುಕೊಂಡು ಹೋಗುವಷ್ಟು ಹತ್ತಿರದಲ್ಲಿ ಇದ್ದದ್ದು ಒಂದೇ ಶಾಲೆ. ಅಲ್ಲಿನ ಹೆಡ್ ಮಿಸ್ ಸೇರಿಸಿಕೊಳ್ಳುವ ಮೊದಲು ಪ್ರತಿ ಮಗುವನ್ನೂ ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಅಕ್ಷರ ಕೇಳುತ್ತಿರಲಿಲ್ಲ, ಅಂಕಿ ಕೇಳುತ್ತಿರಲಿಲ್ಲ. ಬಣ್ಣದ ಪೆನ್ಸಿಲಿನ ಡಬ್ಬಿ ಕೊಟ್ಟು ಚಿತ್ರ ಬರೆಯಲು ಹೇಳಿ, ಮಗು ಬರೆಯುವುದರಲ್ಲಿ ಮುಳುಗಿದಾಗ ಥಟ್ಟನೆ ಡಬ್ಬಿ ಕಿತ್ತುಕೊಳ್ಳುತ್ತಿದ್ದರು. ಮಗು ಏನು ಮಾಡುತ್ತದೆ ನೋಡಬೇಕು, ಅಷ್ಟೆ. ಈ ಪರೀಕ್ಷೆ ಸುತ್ತಲಿನ ತಾಯಂದಿರಿಗೆಲ್ಲ ಬಾಯಿಪಾಠ. ನಾನು ಮನೆಯಲ್ಲಿ ಮಗಳ ಕೈಯಿಂದ ಡಬ್ಬಿ ಕಿತ್ತು ನೋಡಿದೆ. ಅವಳು ಕಿರುಚಿ ನನ್ನ ಕೈಗೇ ನೇತುಬಿದ್ದಳು. ಅತ್ತೆ ಒಳಗಿನಿಂದಲೇ, "ಕೆಂಡಕ್ಕೆ ಗಾಳಿ ಹಾಕ್ತಿದೀಯಲ್ಲೇ" ಎಂದರು.

ಆ ವಾರವೇ ನಾನು ಒಂದು ಕೆಲಸ ಮಾಡಿದೆ. ಪಾರ್ಲರಿನ ಬಟ್ಟಲಿನಲ್ಲಿ ಉಳಿದಿದ್ದ ಒಂದನೇ ನಂಬರಿನ ಬಣ್ಣವನ್ನು ಚಿಕ್ಕ ಡಬ್ಬಿಯಲ್ಲಿ ತಂದು, ಮಗಳ ಕತ್ತಿನ ಮೇಲಿನ ಒಂದು ಎಳೆಗೆ ಹಚ್ಚಿದೆ. ಚೆನ್ನಾಗಿ ಹಿಡಿಯಿತು. ಅವಳ ಚರ್ಮಕ್ಕೆ ಏನೂ ಆಗಲಿಲ್ಲ. ಆ ಎಳೆಯನ್ನು ಜಡೆಯೊಳಗೆ ಮುಚ್ಚಿ, ಮೂರು ವಾರ ಅದನ್ನು ಕದ್ದು ಕದ್ದು ನೋಡುತ್ತಿದ್ದೆ.

ಹೆಡ್ ಮಿಸ್ ಪರೀಕ್ಷೆಗೆ ಕೊಟ್ಟ ದಿನದ ಹಿಂದಿನ ದಿನ ನಮ್ಮ ಪಾರ್ಲರಿಗೆ ವಾರದ ರಜೆ. ಬೀಗದ ಕೈ ನನ್ನ ಬಳಿ ಇತ್ತು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಮಗಳನ್ನು ಕರೆದುಕೊಂಡು ಹೋಗಿ, ಶಟರ್ ಅರ್ಧ ಎಳೆದು, ಕುರ್ಚಿಯ ಮೇಲೆ ಎರಡು ದಿಂಬಿಟ್ಟು ಕೂರಿಸಿದೆ. ಅವಳಿಗೆ ಸಂಭ್ರಮವೋ ಸಂಭ್ರಮ. ಕುರ್ಚಿ ಒಮ್ಮೆ ಗಿರ್ರನೆ ತಿರುಗಿಸು ಎಂದಳು, ತಿರುಗಿಸಿದೆ.

"ಕಪ್ಪು ಮಾಡಿದ್ರೆ ಏನಾಗುತ್ತೆ?" ಎಂದು ಕೇಳಿದಳು.

"ಕಪ್ಪು ಕೂದಲಿನ ಹುಡುಗೀರು ಜಾಣೆಯರು. ಹಠ ಮಾಡಲ್ಲ, ಅಳಲ್ಲ, ಕಚ್ಚಲ್ಲ."

"ನಾನೂನಾ?"

"ನೀನೂನು."

ಅವಳು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. "ಅವನು ನನ್ನ ಕೂದಲು ಕಿತ್ತು ಬೆಂಚಿಗೆ ಉಜ್ಜಿ ನೋಡ್ತಿದ್ದ ಅಮ್ಮ. ಬಣ್ಣ ಬರುತ್ತಾ ಅಂತ. ದಿನಾ ನೋಡ್ತಿದ್ದ" ಎಂದಳು. ನಾನು ಗ್ಲೌಸ್ ಹಾಕಿಕೊಳ್ಳುತ್ತಿದ್ದೆ. ಯಾರು, ಯಾವಾಗ ಎಂದು ಒಂದು ಮಾತು ಕೇಳಲಿಲ್ಲ. "ಸರಿ, ಅಲ್ಲಾಡಬೇಡ" ಎಂದೆ.

ಬಣ್ಣ ಕಲಸುವಾಗ ಕಿವಿಚುಕ್ಕೆಯ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಮೂರು ವಾರದ ಹಿಂದಿನ ಎಳೆಗೆ ಏನೂ ಆಗಿಲ್ಲವಲ್ಲ, ಅದೇ ಚುಕ್ಕೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವವರನ್ನು ಎಷ್ಟೋ ಸಲ ಗದರಿದ್ದ ಬಾಯಿ ನನ್ನದೇ.

ಬ್ರಷ್ಷಿನಲ್ಲಿ ಬುಡದಿಂದ ಹಚ್ಚುತ್ತ ಹೋದೆ. ಹತ್ತು ನಿಮಿಷಕ್ಕೆ ಅವಳು ಭುಜ ಕುಣಿಸತೊಡಗಿದಳು. "ಅಮ್ಮಾ, ಚುರುಚುರು ಅನ್ನುತ್ತೆ." ಸುಮ್ಮನಿರು ಎಂದೆ. "ಉರಿಯುತ್ತೆ ಅಮ್ಮಾ, ತೊಳಿ." ಕುರ್ಚಿಯಿಂದ ಜಾರಿ ಇಳಿಯಲು ನೋಡಿದಳು. ಕನ್ನಡಿಯಲ್ಲಿ ಅವಳ ಮುಖ ಕೆಂಪಾಗಿತ್ತು, ಬಾಯಿ ಚೌಕವಾಗಿತ್ತು. ನನಗೆ ಕಂಡದ್ದು ಚಿಕ್ಕಮ್ಮ ತಟ್ಟೆ ಸರಿಸಿ ಎದ್ದಾಗಿನ ಮುಖ. ಎರಡೂ ಭುಜ ಗಟ್ಟಿಯಾಗಿ ಒತ್ತಿ ಹಿಡಿದು, "ಇದು ನೀನಲ್ಲ, ನಿನ್ನ ಕೂದಲಿನ ಹಠ. ಕಪ್ಪಾಗ್ತಾ ಆಗ್ತಾ ತಾನೇ ಹೋಗುತ್ತೆ. ಕಪ್ಪಾದ ಮೇಲೂ ಅತ್ತರೆ ಬಣ್ಣ ನಿಲ್ಲಲ್ಲ, ಗೊತ್ತಾಯ್ತಾ?" ಎಂದೆ.

ಅವಳು ಅಳು ನುಂಗಿದಳು. ಗಂಟಲು ಮೇಲೆ ಕೆಳಗೆ ಆದದ್ದು ಕನ್ನಡಿಯಲ್ಲಿ ಕಾಣಿಸಿತು. ಆಮೇಲೆ ಅರ್ಧ ಗಂಟೆ ಕಮಕ್ ಕಿಮಕ್ ಅನ್ನಲಿಲ್ಲ. ಬಣ್ಣ ಕೆಲಸ ಮಾಡುತ್ತಿದೆ ಎಂದು ನನಗೆ ಖುಷಿಯಾಯಿತು.

ಮನೆಗೆ ಬಂದಾಗ ಅತ್ತೆ ಕನ್ನಡಕ ಏರಿಸಿ ಕೆಳಗಿಳಿಸಿ ನೋಡಿದರು. "ಯಾರಿದು, ನಮ್ಮನೆ ಮಗುವೇನಾ?" ಎಂದವರು, ಅವಳು ಜಾಣೆಯ ಹಾಗೆ ಮೂಲೆಯಲ್ಲಿ ಕೂತು ಹಾಲು ಕುಡಿದದ್ದನ್ನು ಕಂಡು, "ಪರವಾಗಿಲ್ವೇ!" ಎಂದು ನನ್ನ ಕಡೆ ತಲೆಯಾಡಿಸಿದರು. ಮಲಗುವ ಮುಂಚೆ ಅವಳು ಕಿವಿಯ ಬಳಿ ಒಮ್ಮೆ ಕೆರೆದುಕೊಂಡಳು. ನಾನು ನೋಡುತ್ತಿರುವುದು ಕಂಡು ಕೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡಳು.

ಬೆಳಿಗ್ಗೆ ಅವಳ ಕಣ್ಣಿನ ರೆಪ್ಪೆ ಸ್ವಲ್ಪ ಊದಿದಂತಿತ್ತು. ನಿದ್ದೆಯ ಊತ ಎಂದುಕೊಂಡೆ. ಕಿವಿಗಳು ಕೆಂಪಗಿದ್ದವು. ನಾನು ತಿಕ್ಕಿ ತೊಳೆದದ್ದಕ್ಕೆ ಎಂದುಕೊಂಡೆ. ಬ್ರೆಡ್ಡು ಬೇಡವೆಂದು ತಲೆಯಾಡಿಸಿದಳು. ಪರೀಕ್ಷೆಯ ಹೆದರಿಕೆ ಎಂದುಕೊಂಡೆ. ಪ್ರತಿಯೊಂದಕ್ಕೂ ನನ್ನ ಬಳಿ ಒಂದು ಉತ್ತರ ರೆಡಿ ಇತ್ತು. ಗಂಡ ಬೇಗನೆ ಕೆಲಸಕ್ಕೆ ಹೋಗಿದ್ದ. ನಾನು ಅವಳಿಗೆ ನೀಲಿ ಫ್ರಾಕ್ ತೊಡಿಸಿ, ಕೈ ಹಿಡಿದು ಹೊರಟೆ. ಅವಳ ಅಂಗೈ ಬಿಸಿಯಾಗಿತ್ತು.

ಹೆಡ್ ಮಿಸ್ಸಿನ ಕೋಣೆಯಲ್ಲಿ ಕಿಟಕಿಗೆ ಪರದೆ ಎಳೆದಿತ್ತು. ಮಬ್ಬು ಬೆಳಕು, ಎತ್ತರದ ಮೇಜು, ಮೂಲೆಯಲ್ಲಿ ಕಡತಗಳ ಬೀರು. ಅವರು ನಗುತ್ತ ಪೆನ್ಸಿಲ್ ಡಬ್ಬಿ ಮುಂದಿಟ್ಟರು. ಮಗಳು ಹಾಳೆಯ ಮೇಲೆ ಬಗ್ಗಿ ಒಂದು ಮನೆ ಬರೆದಳು, ಮನೆಗೆ ಕಿಟಕಿ ಬರೆದಳು, ಮೂರನೇ ಕಿಟಕಿ ಬರೆಯುತ್ತಿರುವಾಗ ಹೆಡ್ ಮಿಸ್ ಡಬ್ಬಿಯನ್ನೂ ಅವಳ ಕೈಯಲ್ಲಿದ್ದ ಪೆನ್ಸಿಲನ್ನೂ ಒಟ್ಟಿಗೆ ಕಿತ್ತುಕೊಂಡರು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಮಗಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ತಲೆ ತಗ್ಗಿಸಿ, ತುಟಿ ಬಿಗಿದುಕೊಂಡು ಸುಮ್ಮನೆ ಕೂತಳು. ಒಂದು ನಿಮಿಷವಾಯಿತು, ಎರಡಾಯಿತು. ಹೆಡ್ ಮಿಸ್ ಅವಳ ಹೆಸರು ಕೇಳಿದಾಗ ಗಾಳಿಯಂಥ ದನಿಯಲ್ಲಿ ಏನೋ ಅಂದಳು, ಕೇಳಿಸಲಿಲ್ಲ.

"ನಾಚಿಕೆ ಸ್ವಭಾವ ಅಲ್ವಾ? ಎಷ್ಟು ಶಾಂತ ಮಗೂರೀ! ಇಂಥ ಮಗು ನೋಡಿ ಬಹಳ ದಿನ ಆಗಿತ್ತು" ಎಂದು ಹೆಡ್ ಮಿಸ್ ಅರ್ಜಿಯ ಮೇಲೆ ಸಹಿ ಹಾಕಿದರು.

ನಾನು ಹಿಗ್ಗಿ ಹೀರೇಕಾಯಿಯಾದೆ. ಕೈ ಮುಗಿದು, ಕಾಗದ ಬ್ಯಾಗಿಗೆ ಹಾಕಿ, ಅವಳನ್ನು ಕರೆದುಕೊಂಡು ಹೊರಗಿನ ಉದ್ದ ವರಾಂಡಕ್ಕೆ ಬಂದೆ. ಅಲ್ಲಿ ಬಿಸಿಲಿತ್ತು. ಒಂದು ಮುತ್ತು ಕೊಡೋಣವೆಂದು ಮಂಡಿಯೂರಿ ಅವಳ ಗಲ್ಲ ಎತ್ತಿದೆ.

ಅದು ನನ್ನ ಮಗಳ ಮುಖವಾಗಿರಲಿಲ್ಲ. ಎರಡೂ ಕಣ್ಣು ಗೀರಿನಷ್ಟೇ ತೆರೆದಿದ್ದವು. ಹಣೆ ಊದಿ ಹೊಳೆಯುತ್ತಿತ್ತು. ಕೂದಲ ಅಂಚಿನುದ್ದಕ್ಕೂ ಸಣ್ಣ ಸಣ್ಣ ಬೊಬ್ಬೆಗಳು ಒಡೆದು ನೀರಾಡುತ್ತಿದ್ದವು. ಕೆಳತುಟಿಯ ಒಳಗೆ ಹಲ್ಲು ಊರಿದ ಕಡೆ ರಕ್ತವಿತ್ತು. ಅವಳು ಉಸಿರೆಳೆದಾಗ ಸೀಟಿಯಂಥ ಸಣ್ಣ ಸದ್ದು ಬರುತ್ತಿತ್ತು.

"ಏನಾಗ್ತಿದೆ ಪುಟ್ಟಿ? ಹೇಳೇ, ಏನಾಗ್ತಿದೆ?"

"ಗಂಟಲೊಳಗೆ ಯಾರೋ ಕೂತಿದಾರೆ" ಎಂದಳು.

"ಯಾವಾಗಿಂದ?"

"ಎದ್ದಾಗಿಂದ."

"ಯಾಕೆ ಹೇಳಲಿಲ್ಲ? ಯಾಕೆ ಅಳಲಿಲ್ಲ?"

ಅವಳು ಆ ಗೀರುಗಣ್ಣಿನಿಂದ ನನ್ನನ್ನು ನೋಡಿದಳು. "ಬಣ್ಣ ಹೋಗಿಬಿಡುತ್ತಲ್ಲ" ಎಂದಳು.

ಆಮೇಲೆ ನಾನು ಹೇಗೆ ಓಡಿದೆನೋ ತಿಳಿಯದು. ಬ್ಯಾಗು ವರಾಂಡದಲ್ಲೇ ಬಿತ್ತು. ಗೇಟಿನ ಎದುರು ಯಾರನ್ನೋ ಇಳಿಸುತ್ತಿದ್ದ ಟ್ಯಾಕ್ಸಿಯ ಬಾಗಿಲಿಗೆ ಅಡ್ಡ ನಿಂತೆ. ಚಾಲಕ ನನ್ನ ತೋಳಿನಲ್ಲಿದ್ದ ಮುಖ ನೋಡಿದವನೇ ಮಾತಾಡದೆ ಗಾಡಿ ತಿರುಗಿಸಿದ. ಸಿಗ್ನಲಿನಲ್ಲಿ ನಿಂತಾಗ ನಾನು ಅವಳ ಮೂಗಿನ ಬಳಿ ಕಿವಿಯಿಟ್ಟು ಆ ಸೀಟಿ ಸದ್ದನ್ನು ಎಣಿಸುತ್ತಿದ್ದೆ. ಒಂದು ಬಂದು ಇನ್ನೊಂದು ಬರುವವರೆಗೆ ನನ್ನ ಉಸಿರೂ ನಿಲ್ಲುತ್ತಿತ್ತು. ಹೆದರಿಕೆ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಐದು ವರ್ಷ ನಾನು ಹೆದರಿದ್ದೆಲ್ಲ ಸುಮ್ಮನೆ ಆಟವಾಡಿದ ಹಾಗಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಅವಳನ್ನು ಕಿತ್ತುಕೊಂಡು ಮಂಚದ ಮೇಲೆ ಕೂರಿಸಿ, ಮೂಗಿಗೆ ಮಾಸ್ಕ್ ಇಟ್ಟಳು. "ಏನು ತಿಂದ್ಲು? ಏನು ಕಚ್ಚಿತು? ಏನಾದ್ರೂ ಹಚ್ಚಿದ್ರಾ?"

"ಗೊತ್ತಿಲ್ಲ. ಏನೋ ಹುಳ ಕಚ್ಚಿರಬೇಕು" ಎಂದೆ.

ಹೌದು, ಹಾಗೆಂದೆ. ಮಗಳು ಉಸಿರಿಗೆ ಒದ್ದಾಡುತ್ತಿರುವಾಗ ನನ್ನ ನಾಲಿಗೆ ಹೀಗೆ ತಿರುಗಿತು. ಕೆಲಸ ಹೋಗುತ್ತದೆ, ಯಜಮಾನಿಯ ಮುಖ ನೋಡಲಾಗುವುದಿಲ್ಲ, ಅತ್ತೆ ಏನನ್ನುತ್ತಾರೆ, ಪೊಲೀಸರು ಬರುತ್ತಾರಾ... ಒಂದು ಕ್ಷಣದಲ್ಲಿ ಇಷ್ಟೆಲ್ಲ ಹೊಳೆಯಿತು. ನರ್ಸ್ "ಹುಳ ಕಚ್ಚಿದೆಯಂತೆ" ಎಂದು ಡಾಕ್ಟರಿಗೆ ಕೂಗಿದಳು.

ಡಾಕ್ಟರ್ ನನ್ನಮ್ಮನ ವಯಸ್ಸಿನ ಕುಳ್ಳಗಿನ ಹೆಂಗಸು. ಬಂದವರೇ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಮಗಳು ಮಿಸುಕಲಿಲ್ಲ. ಅವರು ಹತ್ತಿಯಿಂದ ಅವಳ ಹಣೆಯ ಅಂಚು ಒರೆಸಿ, ಹತ್ತಿಯನ್ನು ತಿರುಗಿಸಿ ನೋಡಿದರು. ಕಪ್ಪಾಗಿತ್ತು. ಮಗಳ ಹುಬ್ಬು ನೋಡಿದರು. ಹುಬ್ಬು ತಾಮ್ರದ ಬಣ್ಣದ್ದು, ಅದನ್ನು ನಾನು ಮರೆತೇಬಿಟ್ಟಿದ್ದೆ.

"ಯಾವ ಹುಳಾನಮ್ಮ ಇದು, ಕಪ್ಪು ಬಣ್ಣ ಬಿಡೋದು?" ಎಂದರು. ದನಿ ಏರಿಸಲಿಲ್ಲ.

ನಾನು ಹೇಳಿದೆ. ಒಂದನೇ ನಂಬರು, ಎಷ್ಟು ಹೊತ್ತು ಇಟ್ಟೆ, ಮೂರು ವಾರದ ಹಿಂದಿನ ಎಳೆ, ಇಡದ ಚುಕ್ಕೆ, ಎಲ್ಲ. ಕೊನೆಗೆ, "ಉರಿಯುತ್ತೆ ಅಂದ್ಲು. ಹಿಡ್ಕೊಂಡು ಕೂರಿಸ್ದೆ. ಅದು ಕೆಂಚು ಕೂದಲಿನ ಹಠ ಅಂದ್ಕೊಂಡೆ" ಎಂದೆ. ಆ ಮಾತನ್ನು ಕಪ್ಪು ಹತ್ತಿ ಹಿಡಿದು ನಿಂತವರ ಎದುರು ಹೇಳಿದಾಗ ಅದು ಎಷ್ಟು ಪೊಳ್ಳೆಂದು ನನ್ನ ಕಿವಿಗೇ ಕೇಳಿಸಿತು.

"ಮೊದಲನೇ ಸಲ ಮೈ ಅದರ ಗುರುತು ಇಟ್ಕೊಂಡಿರುತ್ತೆ. ಎರಡನೇ ಸಲ ತಿರುಗಿ ಬೀಳುತ್ತೆ" ಎಂದಷ್ಟೇ ಹೇಳಿ ಅವರು ಇನ್ನೊಂದು ಔಷಧ ಹಾಕಿಸಿದರು. ತಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಸಿದರು. ನೀರು ತಾಗಿದಾಗ ದೊಡ್ಡವರಾದರೂ ಚೀರಬೇಕಿತ್ತು. ಮಗಳ ಕಾಲ್ಬೆರಳು ಮಾತ್ರ ಮುದುಡಿಕೊಂಡವು.

ಡಾಕ್ಟರಿಗೆ ಅದೇ ಚಿಂತೆ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಮತ್ತೆ ಮತ್ತೆ ಕೇಳಿದರು. "ಪುಟ್ಟಾ, ಒಂದ್ಸಲ ಅತ್ತುಬಿಡು ನೋಡೋಣ. ಜೋರಾಗಿ." ಮಗಳು ತಲೆಯಾಡಿಸಿ ಇಲ್ಲವೆಂದಳು. ಡಾಕ್ಟರ್ ನನ್ನ ಕಡೆ ತಿರುಗಿ, "ದನಿ ಹೆಂಗೆ ಬರುತ್ತೆ ಅನ್ನೋದು ನಂಗೆ ಗೊತ್ತಾಗ್ಬೇಕು. ಇಷ್ಟೊಂದು ನೋವಿಗೆ ಮಗು ಅಳ್ತಿಲ್ಲ ಅಂದ್ರೆ, ಅಳೋಕೆ ಆಗ್ತಿಲ್ವೋ, ಅಥವಾ ತಾನೇ ಅಳ್ತಿಲ್ವೋ?" ಎಂದು ಕೇಳಿದರು.

ಆಗ್ತಿಲ್ವೋ, ಅಳ್ತಿಲ್ವೋ. ಉತ್ತರ ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಲು ಹೆದರಿಕೆಯಾಯಿತು. ಅವಳ ಕಿವಿಗೆ ಬಗ್ಗಿ, "ಅಳು ಪುಟ್ಟಿ, ಏನೂ ಆಗಲ್ಲ, ಅಳು" ಎಂದೆ. ಅವಳು ನನ್ನನ್ನು ನಂಬಲಿಲ್ಲ. ನಿನ್ನೆ ಭುಜ ಒತ್ತಿ ಹಿಡಿದು ಹೇಳಿದವಳೂ ನಾನೇ ಅಲ್ಲವೇ. ಒದ್ದೆ ಕೂದಲನ್ನು ಒಂದು ಕೈಯಲ್ಲಿ ಮುಟ್ಟಿ ನೋಡಿಕೊಂಡಳು. ಇನ್ನೂ ಕಪ್ಪಗೇ ಇದೆಯಾ ಎಂದು ಬೆರಳುಗಳನ್ನು ಕಣ್ಣಿನ ಹತ್ತಿರ ತಂದುಕೊಂಡಳು.

ಡಾಕ್ಟರ್ ಇನ್ನೊಂದು ಇಂಜೆಕ್ಷನ್ ಕೊಟ್ಟು, ಹತ್ತು ಹತ್ತು ನಿಮಿಷಕ್ಕೂ ಬಂದು ನೋಡಿದರು. ಇಳಿಯದಿದ್ದರೆ ಗಂಟಲಿಗೆ ಕೊಳವೆ ಹಾಕಬೇಕಾದೀತು ಎಂದರು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಸೀಟಿ ಸದ್ದನ್ನು ಎಣಿಸಿದೆ. ಆಗ ಚಿಕ್ಕಮ್ಮ ನೆನಪಾದಳು. ಇಷ್ಟು ವರ್ಷ ನಾನು ನೆನೆಸಿಕೊಂಡದ್ದು ಅವಳ ಕೂದಲನ್ನು, ಅವಳ ಚಪ್ಪಲಿಯ ಸದ್ದನ್ನು. ಆ ಮೂರು ದಿನ ಅವಳು ಎಲ್ಲಿದ್ದಳು, ಯಾರಾದರೂ ಬರುತ್ತಾರೆಂದು ದಾರಿ ನೋಡಿದಳೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವಳನ್ನು ಕೂದಲು ಎಳೆದುಕೊಂಡು ಹೋಗಲಿಲ್ಲ. ನಾವು ಸಮಯಕ್ಕೆ ಹುಡುಕಲಿಲ್ಲ, ಅಷ್ಟೆ. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತುಬಿಟ್ಟೆ. ಮಗಳು ಮಾಸ್ಕಿನೊಳಗಿಂದ ನನ್ನನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸೀಟಿ ಸದ್ದು ತೆಳುವಾಯಿತು. ನರ್ಸ್ ಮಾಡಿದ ಫೋನಿನಿಂದ ಸುದ್ದಿ ತಿಳಿದು, ಗಂಡ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಬಂದು ಬಾಗಿಲ ಬಳಿ ನಿಂತ. ಅವನ ಹಿಂದೆ ಅತ್ತೆ. ಬುಡದಲ್ಲಿ ಬಣ್ಣ ಇನ್ನೂ ಉಳಿದಿದೆ, ಕೂದಲು ತೆಗೆದರೆ ಬೊಬ್ಬೆಗಳಿಗೆ ಮುಲಾಮು ಹಚ್ಚಬಹುದು ಎಂದರು ಡಾಕ್ಟರ್. ನರ್ಸ್ ಟ್ರಿಮ್ಮರ್ ತಂದಳು. ಹಿಡಿದುಕೊಂಡ ರೀತಿಯಲ್ಲೇ ಗೊತ್ತಾಯಿತು ಅವಳಿಗೆ ಅಭ್ಯಾಸವಿಲ್ಲವೆಂದು.

"ನಾನು ಮಾಡ್ತೀನಿ. ಇದು ನನ್ನ ಕೆಲಸ" ಎಂದೆ. ಡಾಕ್ಟರ್ ನನ್ನ ಕೈಗಳನ್ನು ನೋಡಿದರು. "ಸರಿ, ನಿಧಾನಕ್ಕೆ" ಎಂದರು.

ಒಂದೊಂದು ಬೊಬ್ಬೆಯನ್ನೂ ತಪ್ಪಿಸಿ, ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಕತ್ತಿಗೆ ಸಾಲು ಸಾಲಾಗಿ ತೆಗೆದೆ. ಕಪ್ಪು ಗೊಂಚಲುಗಳು ಬಿಳಿ ಹಾಸಿಗೆಯ ಮೇಲೆ ಬಿದ್ದವು. ಕೊನೆಗೆ ಕಿವಿಯನ್ನು ಮಡಿಸಿ ಹಿಂಬದಿಯದನ್ನು ತೆಗೆಯುವಾಗ, ಚುಕ್ಕೆ ಇಡಬೇಕಿದ್ದ ಜಾಗ ಕಂಡಿತು. ಅಲ್ಲಿ ಚರ್ಮ ಸುಲಿದು ಹೋಗಿತ್ತು, ಉಗುರಿನ ಗೀರುಗಳಿದ್ದವು. ರಾತ್ರಿಯೆಲ್ಲ ಹೊದಿಕೆಯೊಳಗೆ ಕೆರೆದುಕೊಂಡಿದ್ದಾಳೆ. ನನ್ನ ಪಕ್ಕದಲ್ಲೇ ಮಲಗಿದ್ದಳು.

ಟ್ರಿಮ್ಮರ್ ನಿಲ್ಲಿಸಿದೆ. ಮಗಳು ಎರಡೂ ಕೈಗಳನ್ನು ಮೆಲ್ಲಗೆ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. ಹಾಸಿಗೆಯ ಮೇಲೆ ಬಿದ್ದದ್ದನ್ನು ನೋಡಿದಳು. ಮಾಸ್ಕ್ ಸರಿಸಿದಳು.

"ಎಲ್ಲಾ ಹೋಯ್ತಾ?"

"ಎಲ್ಲಾ ಹೋಯ್ತು ಪುಟ್ಟಿ."

"ಕಪ್ಪೂ ಇಲ್ವಾ, ಕೆಂಪೂ ಇಲ್ವಾ?"

"ಏನೂ ಇಲ್ಲ."

ಅವಳು ಯೋಚಿಸಿದಳು. ಆ ಸಣ್ಣ ದನಿಯಲ್ಲಿ, ನನ್ನ ಕಣ್ಣು ಬಿಟ್ಟು ಬೇರೆಲ್ಲೂ ನೋಡದೆ, "ಹಾಗಾದ್ರೆ ಈಗ ಅಳಬಹುದಾ ಅಮ್ಮ?" ಎಂದು ಕೇಳಿದಳು.

ಹೂಂ ಎಂದು ತಲೆಯಾಡಿಸಿದೆ.

ಮೊದಲು ಬಾಯಿ ಚೌಕವಾಯಿತು. ಸದ್ದು ಬರಲಿಲ್ಲ. ಡಾಕ್ಟರ್ ಸ್ಟೆತಸ್ಕೋಪ್ ಹಿಡಿದು ಓಡಿಬಂದರು. ಆಮೇಲೆ ಗೊಗ್ಗರು ದನಿಯಲ್ಲಿ ಒಂದು ಎಳೆ ಹೊರಟಿತು, ತಡವರಿಸಿತು, ಬಿಚ್ಚಿಕೊಂಡು ಜೋರಾಯಿತು. ಅವಳು ಕಾಲು ಬಡಿದಳು, ಮುಷ್ಟಿ ಕಟ್ಟಿ ನನ್ನ ಎದೆಗೆ ಗುದ್ದಿದಳು, "ಉರಿಯುತ್ತೆ ಅಂದೆ, ತೊಳಿ ಅಂದೆ, ನೀನು ಕೇಳಲಿಲ್ಲ" ಎಂದು ಕಿರುಚಿದಳು. ಡಾಕ್ಟರ್ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಕಣ್ಣು ಮುಚ್ಚಿ, "ಗಾಳಿ ಚೆನ್ನಾಗಿ ಹೋಗ್ತಿದೆ" ಎಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಬಾಯಿಂದ ಅಭ್ಯಾಸಬಲದಿಂದ "ಕೆಂ..." ಎಂದು ಹೊರಟಿತು. ಅವರು ಅಲ್ಲಿಗೇ ನಿಲ್ಲಿಸಿ, ಬಂದು ಅವಳ ಪಾದಗಳನ್ನು ಹಿಡಿದುಕೊಂಡು ಕೂತರು. ಮಗಳು ಅಳುತ್ತಲೇ ಇದ್ದಳು. ನಾನು ಸುಮ್ಮನಾಗು ಎನ್ನಲಿಲ್ಲ. ಅವಳ ಗುದ್ದು ಎಲ್ಲಿ ಬೀಳುತ್ತಿತ್ತೋ ಅಲ್ಲಿಂದ ಸರಿಯದೆ ಕೂತು, ಮಧ್ಯೆ ಮಧ್ಯೆ ಮೂಗು ಒರೆಸುತ್ತಿದ್ದೆ.